ಮುಖದ ಅಂದಕ್ಕೆ ಶಸ್ತ್ರಚಿಕಿತ್ಸೆ: ಕೊಯ್ಯುವ ಮುನ್ನ ಒಂದು ಇಂಜೆಕ್ಷನ್ ಸಾಕೇ, ವಾರದ ಮಾತ್ರೆ ಬೇಕೇ?

ಸಹನಾ ತಾನು ತಂದ ಬಟ್ಟೆಚೀಲವನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿದಳು. ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯ ಎರಡು ಸ್ಟ್ರಿಪ್, ಹೊಟ್ಟೆಯುರಿಗೆ ಒಂದು, ನೋವಿಗೆ ಒಂದು, ಮುಪಿರೋಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮಿನ ಪುಟ್ಟ ಟ್ಯೂಬು, ಮೂಗಿಗೆ ಬಿಡುವ ಉಪ್ಪುನೀರಿನ ಬಾಟಲಿ. ಮೂಗಿನ ಶಸ್ತ್ರಚಿಕಿತ್ಸೆಗೆ ಇನ್ನೂ ಒಂಬತ್ತು ದಿನವಿತ್ತು. “ಕಾಕು, ಇದರಲ್ಲಿ ನನಗೆ ನಿಜವಾಗಿ ಬೇಕಾದದ್ದು ಯಾವುದು?” ಎಂದಳು.

ಧಾರವಾಡದಲ್ಲಿ ನರ್ಸಿಂಗ್ ಓದಿ, ಪುಣೆಗೆ ಬಂದು ಇಪ್ಪತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳು ನಾನು. ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆಗಳು ಏಳೆಂಟಿವೆ. ಮದುವೆಗೆ ಮುಂಚೆ ಮೂಗು ತಿದ್ದಿಸಿಕೊಳ್ಳುವವರು, ಅರವತ್ತು ದಾಟಿದ ಮೇಲೆ ಜೋತುಬಿದ್ದ ರೆಪ್ಪೆ ಎತ್ತಿಸಿಕೊಳ್ಳುವವರು, ಕೆನ್ನೆಗೆ ಗುಳಿ ಮಾಡಿಸಿಕೊಳ್ಳುವವರು, ಎಲ್ಲರೂ ಈ ಮೇಜಿನ ಮುಂದೆ ಕುಳಿತು ಹೋಗಿದ್ದಾರೆ. ಚೀಟಿ ಒಬ್ಬೊಬ್ಬರದು ಒಂದೊಂದು ತರಹ. ಒಬ್ಬರಿಗೆ ಒಂದೇ ಇಂಜೆಕ್ಷನ್, ಇನ್ನೊಬ್ಬರಿಗೆ ಅದೇ ಶಸ್ತ್ರಚಿಕಿತ್ಸೆಗೆ ಹತ್ತು ದಿನದ ಮಾತ್ರೆ. ಈ ವ್ಯತ್ಯಾಸದಲ್ಲಿ ಎಷ್ಟು ವೈದ್ಯಶಾಸ್ತ್ರ, ಎಷ್ಟು ಬರಿಯ ರೂಢಿ ಎಂದು ತಿಳಿಯದೆ ಜನ ಕಂಗಾಲಾಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸೋಂಕು ಬಾರದಂತೆ ಮುಂಚಿತವಾಗಿ ಕೊಡುವ ಆ್ಯಂಟಿಬಯಾಟಿಕ್‌ನ ವಿಚಾರ. ಕೀವು ಕಂಡ ಮೇಲೆ ಕೊಡುವ ಚಿಕಿತ್ಸೆಯ ಲೆಕ್ಕವೇ ಬೇರೆ. ಎರಡನೆಯದಾಗಿ, ನಿಮ್ಮ ವೈದ್ಯರು ಬರೆದದ್ದನ್ನು ಇದನ್ನು ಓದಿದ ಧೈರ್ಯದಲ್ಲಿ ನೀವಾಗಿ ನಿಲ್ಲಿಸಬೇಡಿ. ಚೀಟಿಯನ್ನು ಹಿಡಿದುಕೊಂಡು ಹೋಗಿ, ಏಕೆ ಎಂದು ಕೇಳಿ. ಕೇಳುವುದಕ್ಕೆ ಬೇಕಾದ ತಿಳಿವಳಿಕೆ ಇಲ್ಲಿದೆ.

ಎಲ್ಲಿ ಕೊಯ್ಯುತ್ತಾರೆ?

ಆಯ್ಕೆ ಶುರುವಾಗುವುದು ಈ ಪ್ರಶ್ನೆಯಿಂದ. ರೆಪ್ಪೆ, ಮುಖದ ಜೋತುಬಿದ್ದ ಚರ್ಮವನ್ನು ಎಳೆದು ಹೊಲಿಯುವ ಫೇಸ್‌ಲಿಫ್ಟ್, ಹುಬ್ಬು ಎತ್ತಿಸುವುದು, ಮಚ್ಚೆ ತೆಗೆಯುವುದು, ಇವೆಲ್ಲ ಚರ್ಮದ ಮೇಲಿನಿಂದ ನಡೆಯುವಂಥವು. ಥಿಯೇಟರಿನಲ್ಲಿ ನಾವು ಇವನ್ನು ‘ಕ್ಲೀನ್ ಕೇಸ್’ ಎನ್ನುತ್ತೇವೆ. ಚರ್ಮವನ್ನು ಬೆಟಾಡಿನ್‌ನಿಂದ ಒರೆಸಿ ಶುದ್ಧ ಮಾಡಬಹುದು, ಮಾಡಿದರೆ ಅದು ಹೆಚ್ಚುಕಡಿಮೆ ಶುದ್ಧವಾಗಿಯೇ ಉಳಿಯುತ್ತದೆ.

ಮೂಗಿನ ಒಳಗಿನಿಂದ ಕೊಯ್ಯುವ ಮೂಗಿನ ಶಸ್ತ್ರಚಿಕಿತ್ಸೆ, ಬಾಯೊಳಗಿನಿಂದ ಮಾಡುವ ಕೆನ್ನೆಗುಳಿ, ಕೆನ್ನೆಯ ಕೊಬ್ಬು ತೆಗೆಯುವುದು, ಬಾಯಿಯ ಮೂಲಕ ಗಲ್ಲಕ್ಕೆ ಇಂಪ್ಲಾಂಟ್ ಇಡುವುದು, ದವಡೆಯ ಮೂಳೆ ಕತ್ತರಿಸಿ ಸರಿಪಡಿಸುವುದು ಬೇರೆ ಗುಂಪು. ಎಷ್ಟೇ ತೊಳೆದರೂ ಬಾಯಿ ಮತ್ತು ಮೂಗನ್ನು ಬ್ಯಾಕ್ಟೀರಿಯಾ ಇಲ್ಲದ ಜಾಗವನ್ನಾಗಿ ಮಾಡಲಾಗದು. ಇವಕ್ಕೆ ‘ಕ್ಲೀನ್ ಕಂಟ್ಯಾಮಿನೇಟೆಡ್’ ಎಂದು ಹೆಸರು. ಈ ಎರಡು ಗುಂಪಿಗೆ ಒಂದೇ ಚೀಟಿ ಬರೆಯುವವರನ್ನು ಕಂಡರೆ ನನಗೆ ಇಂದಿಗೂ ಬೇಸರವಾಗುತ್ತದೆ.

ಏನೂ ಕೊಡದಿರುವುದು

ಇದೂ ಒಂದು ಆಯ್ಕೆ. ಜನ ಇದನ್ನು ನಿರ್ಲಕ್ಷ್ಯ ಎಂದುಕೊಳ್ಳುತ್ತಾರೆ, ಅದು ತಪ್ಪು. ಮುಖಕ್ಕೆ ಹರಿಯುವಷ್ಟು ರಕ್ತ ಕಾಲಿಗೋ ಹೊಟ್ಟೆಯ ಚರ್ಮಕ್ಕೋ ಹರಿಯುವುದಿಲ್ಲ. ಗಡ್ಡ ಕೆರೆಯುವಾಗ ಚೂರು ತಾಗಿದರೂ ಎಷ್ಟು ರಕ್ತ ಬರುತ್ತದೆ ಎಂದು ಗಂಡಸರಿಗೆ ಗೊತ್ತು. ಅದೇ ರಕ್ತ ಬಿಳಿ ರಕ್ತಕಣಗಳನ್ನು, ಆಮ್ಲಜನಕವನ್ನು ಹೊತ್ತು ತರುತ್ತದೆ. ಆದ್ದರಿಂದ ಮುಖದ ಗಾಯ ಬೇಗ ಮಾಯುತ್ತದೆ, ಕೀವುಗಟ್ಟುವುದು ಅಪರೂಪ.

ಎಷ್ಟು ಅಪರೂಪ? 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ 6,166 ಫೇಸ್‌ಲಿಫ್ಟ್‌ಗಳ ದಾಖಲೆ ನೋಡಿತು. ಸೋಂಕಿನಿಂದ ಮರಳಿ ಆಸ್ಪತ್ರೆ ಸೇರಬೇಕಾಗಿ ಬಂದವರು 11 ಮಂದಿ. ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ಸೋಂಕು ಸಾವಿರಕ್ಕೆ ಇಬ್ಬರ ಆಸುಪಾಸು ಎಂದು 2003ರ ಇನ್ನೊಂದು ದೊಡ್ಡ ಲೆಕ್ಕ ಹೇಳಿತು. ಇಷ್ಟು ಕಡಿಮೆ ಇರುವಲ್ಲಿ ಔಷಧದಿಂದ ಇನ್ನೂ ಇಳಿಸುವುದಕ್ಕೆ ಉಳಿದಿರುವುದು ಬಹಳ ಸ್ವಲ್ಪ. ಔಷಧದ ತೊಂದರೆಗಳಾದರೋ ತೆಗೆದುಕೊಂಡವರಿಗೆಲ್ಲ ಕಾದಿರುತ್ತವೆ. 2015ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘವೊಂದು ಲಭ್ಯ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದು, ತಲೆ ಮತ್ತು ಕುತ್ತಿಗೆಯ ಕ್ಲೀನ್ ಕೇಸುಗಳಿಗೆ ಮುಂಜಾಗ್ರತೆಯ ಆ್ಯಂಟಿಬಯಾಟಿಕ್ ಶಿಫಾರಸು ಮಾಡುವುದಿಲ್ಲ ಎಂದೇ ಹೇಳಿತು.

ಪುಣೆಯಲ್ಲಿ ಕುಳಿತು ಈ ಮಾತು ಬರೆಯುವಾಗ ಕಾವಸ್ಜಿಯ ನೆನಪಾಗದಿರದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಮರಾಠಿ ರೈತ ಅವನು. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದು, ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯನಿಂದ ಹೊಸ ಮೂಗು ಕಟ್ಟಿಸಿಕೊಂಡ. ಹಣೆಯ ಚರ್ಮವನ್ನು ಬುಡ ಮಾತ್ರ ಅಂಟಿಕೊಂಡಿರುವಂತೆ ಬಿಡಿಸಿ, ಕೆಳಕ್ಕೆ ತಿರುಗಿಸಿ, ಮೂಗಿನ ಜಾಗದಲ್ಲಿ ಕೂರಿಸಿದ ಕೆಲಸ ಅದು. ಮುಂಬಯಿ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು, 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಚಿತ್ರಸಹಿತ ಅಚ್ಚು ಹಾಕಿತು. ಪೆನಿಸಿಲಿನ್ ಪತ್ತೆಯಾಗಲು ಇನ್ನೂ 134 ವರ್ಷ ಇತ್ತು. ಆ ಚರ್ಮವನ್ನು ಬದುಕಿಸಿದ್ದು ಬುಡದಿಂದ ಹರಿಯುತ್ತಿದ್ದ ರಕ್ತ. ಅಂದಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ, ಆಗ ಸೋಂಕಿನಿಂದ ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ. ಮುಖದ ರಕ್ತಸಂಚಾರದ ಬಲ ಎಂಥದ್ದು ಎಂದು ಹೇಳಲು ನನಗೆ ಇದಕ್ಕಿಂತ ಹತ್ತಿರದ ಕತೆ ಇಲ್ಲ.

ಆರೋಗ್ಯವಂತರು, ಸಕ್ಕರೆ ಕಾಯಿಲೆ ಇಲ್ಲ, ತಂಬಾಕು ಇಲ್ಲ, ಶಸ್ತ್ರಚಿಕಿತ್ಸೆ ರೆಪ್ಪೆಯದೋ ಮಚ್ಚೆಯದೋ ಆಗಿದ್ದರೆ, ಏನೂ ಕೊಡದ ವೈದ್ಯರನ್ನು ನಾನು ನಂಬುತ್ತೇನೆ.

ಕೊಯ್ಯುವ ಮುನ್ನ ಒಂದೇ ಇಂಜೆಕ್ಷನ್

ಮೂಗು, ಬಾಯಿ, ಇಂಪ್ಲಾಂಟ್, ನಾಲ್ಕೈದು ಗಂಟೆ ಹಿಡಿಯುವ ಫೇಸ್‌ಲಿಫ್ಟ್, ಇವಕ್ಕೆ ನನ್ನ ಮತ ಇದಕ್ಕೆ. ಆ್ಯಂಟಿಬಯಾಟಿಕ್ ಬೇಕು ಎಂದಾದಲ್ಲಿ ಅದು ಇರಬೇಕಾದ ಹೊತ್ತು ಚಾಕು ಚರ್ಮಕ್ಕೆ ತಾಗುವ ಹೊತ್ತು. ರೋಗಾಣು ಗಾಯದೊಳಗೆ ಬೀಳುವುದು ಕೊಯ್ದ ಜಾಗ ತೆರೆದಿರುವಾಗ. ಆಗ ಅಲ್ಲಿನ ರಕ್ತದಲ್ಲಿ, ಅಂಗಾಂಶದಲ್ಲಿ ಔಷಧ ಸಿದ್ಧವಾಗಿ ನಿಂತಿರಬೇಕು. ಹೊಲಿಗೆ ಹಾಕಿ, ಮನೆಗೆ ಹೋಗಿ, ರಾತ್ರಿ ಊಟ ಮಾಡಿ ನುಂಗಿದ ಮಾತ್ರೆ ಬರುವಷ್ಟರಲ್ಲಿ ಊರೆಲ್ಲ ಲೂಟಿಯಾಗಿ ಕಳ್ಳರು ಮನೆ ಸೇರಿರುತ್ತಾರೆ.

ಇದು ಬರಿಯ ತರ್ಕವಲ್ಲ. 1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 2,847 ರೋಗಿಗಳನ್ನು ಗಮನಿಸಿದ ಪ್ರಸಿದ್ಧ ಅಧ್ಯಯನವಿದೆ. ಕೊಯ್ಯುವ ಹಿಂದಿನ ಎರಡು ಗಂಟೆಯೊಳಗೆ ಔಷಧ ಪಡೆದವರಲ್ಲಿ ಗಾಯದ ಸೋಂಕು ಶೇ 0.6. ಕೊಯ್ದು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇ 3.3. ಔಷಧ ಕೊಟ್ಟದ್ದಂತೂ ಎರಡೂ ಗುಂಪಿಗೆ, ಬೇರೆಯಾದದ್ದು ಗಡಿಯಾರ. ಅದು ಮುಖದ ಶಸ್ತ್ರಚಿಕಿತ್ಸೆಯ ಅಧ್ಯಯನವಲ್ಲ, ಆದರೆ ಹೊತ್ತಿನ ಪಾಠ ದೇಹದ ಎಲ್ಲ ಭಾಗಕ್ಕೂ ಒಂದೇ.

ಥಿಯೇಟರಿನಲ್ಲಿ ಅದು ಹೇಗಿರುತ್ತದೆ ಎಂದರೆ, ಈ ಇಂಜೆಕ್ಷನ್ನಿಗೆ ಬಳಸುವ ಸೆಫಾಜೋಲಿನ್ ಎಂಬ ಆ್ಯಂಟಿಬಯಾಟಿಕ್ ಬರುವುದು ಗಾಜಿನ ಪುಟ್ಟ ಸೀಸೆಯಲ್ಲಿ, ಬಿಳಿಯ ಪುಡಿಯಾಗಿ. ವಯಸ್ಕರಿಗೆ ಸಾಮಾನ್ಯವಾಗಿ 2 ಗ್ರಾಂ, ಅಂದರೆ ಒಂದು ಗ್ರಾಂನ ಎರಡು ಸೀಸೆ. ತೂಕ 120 ಕಿಲೋ ಮುಟ್ಟಿದವರಿಗೆ 3 ಗ್ರಾಂ. ಶುದ್ಧ ನೀರನ್ನು ಸೂಜಿಯಿಂದ ಒಳಬಿಟ್ಟು, ಅಂಗೈಗಳ ನಡುವೆ ಉರುಳಿಸುತ್ತೇನೆ. ಪುಡಿ ಮೊದಲು ಮುದ್ದೆಯಾಗಿ ಅಡಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ತಿಳಿಯಾಗುತ್ತದೆ. ಬೆಳಕಿಗೆ ಹಿಡಿದು ಒಂದು ಕಣವೂ ಉಳಿದಿಲ್ಲ ಎಂದು ನೋಡಿ, ಸಲೈನ್ ಹಾದಿಯಲ್ಲಿ ನಿಧಾನಕ್ಕೆ ಬಿಡುತ್ತೇನೆ. ಗೋಡೆಯ ಬಿಳಿ ಹಲಗೆಯ ಮೇಲೆ ಹೊತ್ತು ಬರೆಯುತ್ತೇನೆ: 8.10. ಮುಖದಲ್ಲಿ ರಕ್ತ ಕಡಿಮೆ ಸೋರಲೆಂದು ಸರ್ಜನ್ ಅಡ್ರಿನಲಿನ್ ಸೇರಿಸಿದ ಅರಿವಳಿಕೆ ಚುಚ್ಚುತ್ತಾರಲ್ಲ, ಅದಕ್ಕೂ ಮೊದಲೇ ಇದು ಮುಗಿದಿರಬೇಕು ಎಂಬುದು ನನ್ನ ಹಟ. ರಕ್ತನಾಳಗಳು ಕುಗ್ಗಿದ ಮೇಲೆ ಔಷಧ ತಲುಪುವುದಾದರೂ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಾಸಣಾ ಪಟ್ಟಿಯಲ್ಲಿ ಕೊಯ್ಯುವ ಮುನ್ನ ಗಟ್ಟಿಯಾಗಿ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಒಂದು ಇದೇ: ಕಳೆದ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಟ್ಟಿದೆಯೇ? ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ದಾಟಿದರೆ ಸೆಫಾಜೋಲಿನ್ ಇನ್ನೊಮ್ಮೆ ಕೊಡಬೇಕು. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಆದರೆ ನಿಧಾನವಾಗಿ ಹರಿಸಬೇಕಾದ್ದರಿಂದ ಒಂದೆರಡು ಗಂಟೆ ಮುಂಚೆಯೇ ಶುರುಮಾಡಬೇಕು. ಬಾಯೊಳಗಿನ ಕೆಲಸವಾದರೆ ಸೆಫಾಜೋಲಿನ್ ಜೊತೆ ಮೆಟ್ರೊನಿಡಜೋಲ್, ಇಲ್ಲವೇ ಆ್ಯಂಪಿಸಿಲಿನ್-ಸಲ್ಬ್ಯಾಕ್ಟಮ್ ಕೊಡುವುದುಂಟು, ಏಕೆಂದರೆ ಬಾಯಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಬೇಕಾದಷ್ಟಿವೆ.

‘ನನಗೆ ಪೆನಿಸಿಲಿನ್ ಆಗುವುದಿಲ್ಲ’ ಎನ್ನುವವರಿಗೆ ಒಂದು ಮಾತು. ಹಾಗೆ ಹೇಳುವವರನ್ನು ಸರಿಯಾಗಿ ಪರೀಕ್ಷೆಗೆ ಒಳಪಡಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ನಿಜವಾದ ಅಲರ್ಜಿ ಇರುವುದಿಲ್ಲ. ಚಿಕ್ಕಂದಿನಲ್ಲಿ ಮೈಮೇಲೆ ಎದ್ದ ಗುಳ್ಳೆ, ವಾಂತಿ ಇವನ್ನೇ ಅಲರ್ಜಿ ಎಂದು ಬರೆದುಕೊಂಡಿರುತ್ತಾರೆ. ಸೆಫಾಜೋಲಿನ್‌ನ ರಚನೆ ಪೆನಿಸಿಲಿನ್‌ಗಿಂತ ಸಾಕಷ್ಟು ಭಿನ್ನ, ಪೆನಿಸಿಲಿನ್ ಅಲರ್ಜಿ ಇರುವ ಬಹುಪಾಲು ಜನರಿಗೆ ಅದನ್ನು ಕೊಡಬಹುದು. ಆದರೆ ಉಸಿರು ಕಟ್ಟಿದ್ದು, ಮುಖ ಊದಿದ್ದು, ಪ್ರಜ್ಞೆ ತಪ್ಪಿದ್ದು ಇದ್ದರೆ ಮರೆಯದೆ ಹೇಳಿ. ಯಾವ ಔಷಧ, ಯಾವ ವಯಸ್ಸಿನಲ್ಲಿ, ಏನಾಯಿತು ಎಂದು ಮೂರೂ ಹೇಳಿ. ‘ಅಲರ್ಜಿ ಇದೆ’ ಎಂಬ ಒಂದೇ ಪದದಿಂದ ನಮಗೆ ಏನೂ ತಿಳಿಯುವುದಿಲ್ಲ.

ಐದು, ಏಳು, ಹತ್ತು ದಿನದ ಮಾತ್ರೆ

ಸಹನಾಳ ಮೇಜಿನ ಮೇಲಿದ್ದದ್ದು ಇದು. ನಮ್ಮಲ್ಲಿ ಅತಿ ಹೆಚ್ಚು ಬರೆಯುವುದೂ ಇದನ್ನೇ.

ವೈದ್ಯರು ಏಕೆ ಬರೆಯುತ್ತಾರೆ ಎಂದು ನನಗೆ ಗೊತ್ತು, ಅವರನ್ನು ಹಳಿಯುವ ಮನಸ್ಸಿಲ್ಲ. ಅಂದಕ್ಕೆಂದು ಬಂದವರ ಮುಖದಲ್ಲಿ ಒಂದು ಕೀವುಗುಳ್ಳೆ ಎದ್ದರೂ ಅದು ಜನ್ಮಕ್ಕಂಟಿದ ಕಲೆ. ಕಾಲಿನ ಗಾಯವಾದರೆ ಬಟ್ಟೆ ಮುಚ್ಚುತ್ತದೆ, ಮುಖವನ್ನು ಎಲ್ಲಿ ಮುಚ್ಚುವುದು? ರೋಗಿ ಮನೆಗೆ ಹೋಗಿ ಹೇಗಿರುತ್ತಾಳೋ, ಸ್ವಾರಗೇಟಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತಾಳೋ, ಮಳೆಯಲ್ಲಿ ನೆನೆಯುತ್ತಾಳೋ ಎಂಬ ಆತಂಕ. ‘ಇರಲಿ, ಐದು ದಿನ ಕೊಟ್ಟುಬಿಡೋಣ’ ಎನ್ನುವುದು ಆ ಆತಂಕಕ್ಕೆ ಕೊಟ್ಟ ಮದ್ದು.

ಆದರೆ ಆ ಐದು ದಿನದಿಂದ ಲಾಭವಿಲ್ಲ ಎಂದು ದೊಡ್ಡ ಸಂಸ್ಥೆಗಳೆಲ್ಲ ಒಂದೇ ದನಿಯಲ್ಲಿ ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂಜಾಗ್ರತೆಯ ಆ್ಯಂಟಿಬಯಾಟಿಕ್ ಮುಂದುವರಿಸಬೇಡಿ ಎಂದಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಇನ್ನೂ ಬಿಗಿಯಾಗಿ ಹೇಳಿತು: ಕ್ಲೀನ್ ಮತ್ತು ಕ್ಲೀನ್ ಕಂಟ್ಯಾಮಿನೇಟೆಡ್ ಎರಡರಲ್ಲೂ, ಚರ್ಮ ಹೊಲಿದ ಮೇಲೆ ಇನ್ನೊಂದು ಡೋಸೂ ಬೇಡ, ರಕ್ತ ಬಸಿಯಲು ಕೊಳವೆ ಇಟ್ಟಿದ್ದರೂ ಬೇಡ. ಅದೇ ವರ್ಷ ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ ಮೂಗಿನ ಶಸ್ತ್ರಚಿಕಿತ್ಸೆಯ ಬಗ್ಗೆಯೇ ಮಾರ್ಗಸೂಚಿ ಬರೆದು, 24 ಗಂಟೆಗಿಂತ ಹೆಚ್ಚು ಕಾಲ ಆ್ಯಂಟಿಬಯಾಟಿಕ್ ಬರೆಯುವ ರೂಢಿ ಬೇಡ ಎಂದಿತು. ಒಂದು ಡೋಸಿಗೂ ವಾರದ ಮಾತ್ರೆಗೂ ನಡುವೆ ಇರುವ ‘24 ಗಂಟೆಯವರೆಗೆ’ ಎಂಬ ಆಯ್ಕೆಗೆ ಆಧಾರ ಇದು. ಅನುಮಾನವಿರುವ ವೈದ್ಯರು ಅಲ್ಲಿಗೆ ನಿಲ್ಲಿಸಿದರೆ ನನ್ನ ತಕರಾರಿಲ್ಲ.

ಸಹನಾಳ ಚೀಟಿಯಲ್ಲಿ ಇನ್ನೊಂದು ಎಡವಟ್ಟಿತ್ತು. ಚರ್ಮದ ಗಾಯವನ್ನು ಕೆಡಿಸುವ ಮುಖ್ಯ ರೋಗಾಣು ಸ್ಟ್ಯಾಫಿಲೋಕಾಕಸ್. ಸೆಫಿಕ್ಸಿಮ್ ಅದರ ಮೇಲೆ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಹೊಸದು, ಬಲವಾದದ್ದು, ಹೆಚ್ಚು ಬೆಲೆಯದು ಎಂದರೆ ಒಳ್ಳೆಯದು ಎಂಬ ಭ್ರಮೆ ನಮ್ಮ ಚೀಟಿಗಳಲ್ಲಿ ಬೇರೂರಿದೆ. ಹಳೆಯ, ಅಗ್ಗದ ಸೆಫಾಜೋಲಿನ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಸೆಫಿಕ್ಸಿಮ್ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧ. ಅಂಗಡಿಯವರು ಚೀಟಿ ನೋಡಿ, ವೈದ್ಯರ ಮತ್ತು ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಕಾಯ್ದಿಡಬೇಕೆಂಬ ಕಾನೂನಿದೆ. ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ನೋಡಿದ್ದೀರಲ್ಲ, ಚೀಟಿಯಿಲ್ಲದೆ ನುಂಗಬೇಡಿ ಎಂದು ಅದರ ಅರ್ಥ. ಅದನ್ನು ಗುರುತಿಸಿ ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರವನ್ನೇ ನಡೆಸಿತು.

ನಷ್ಟದ ಬಗ್ಗೆ ನನ್ನ ಮನೆಯದೇ ಒಂದು ಸಂಗತಿ ಇದೆ. ನನ್ನ ತಂಗಿ ಐದು ವರ್ಷದ ಹಿಂದೆ ಎರಡೂ ರೆಪ್ಪೆ ಮಾಡಿಸಿಕೊಂಡಳು. ಆಗ ನಾನು ಊರಿನಲ್ಲಿರಲಿಲ್ಲ. ಗಾಯ ಕನ್ನಡಿಯಂತೆ ಮಾಯುತ್ತಿತ್ತು. ಕೊಟ್ಟದ್ದು ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಏಳು ದಿನಕ್ಕೆ. ಐದನೆಯ ದಿನ ಭೇದಿ ಶುರುವಾಯಿತು. ಮಾತ್ರೆ ಪೂರ್ತಿ ಮಾಡಬೇಕು ಎಂದು ಯಾರೋ ಹೇಳಿದ್ದರಿಂದ ಹಲ್ಲು ಕಚ್ಚಿ ಏಳೂ ದಿನ ನುಂಗಿದಳು. ಎಂಟನೆಯ ದಿನ ನಾನು ಬಂದಾಗ ಅವಳು ಬಚ್ಚಲಮನೆಯ ಬಾಗಿಲ ಹತ್ತಿರವೇ ಚಾಪೆ ಹಾಸಿಕೊಂಡು ಮಲಗಿದ್ದಳು, ತುಟಿ ಒಣಗಿ ಬಿರುಕು ಬಿಟ್ಟಿತ್ತು. ಎರಡು ದಿನ ಸಲೈನ್ ಏರಿಸಬೇಕಾಯಿತು. ರೆಪ್ಪೆಯ ಹೊಲಿಗೆಗೆ ಏನೂ ಆಗಿರಲಿಲ್ಲ, ಮಾತ್ರೆ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ. ಆ ಚಾಪೆಯನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲಿ ಎಂಬ, ಭೇದಿ ತರುವ ಹಟಮಾರಿ ಬ್ಯಾಕ್ಟೀರಿಯಾ ಅಲ್ಲಿ ಬೇರೂರಬಹುದು. ಹೆಂಗಸರಿಗೆ ಬಿಳಿಸೆರಗು, ತುರಿಕೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದು ಮಿತಿಮೀರಿ ತೆಳುವಾಗುವ ಭಯ, ಮುಖದ ಹೊಸ ಗಾಯದಲ್ಲಿ ಅದು ಸಣ್ಣ ಮಾತಲ್ಲ. ಇದೆಲ್ಲ ನುಂಗಿದವರ ಪಾಡು. ನುಂಗದವರಿಗೂ ಪಾಲಿದೆ: 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸತ್ತವರು ಸುಮಾರು 12.7 ಲಕ್ಷ ಎಂದು ಅಂದಾಜಿದೆ. ‘ಪೂರ್ತಿ ಕೋರ್ಸ್ ಮುಗಿಸಿ’ ಎಂಬ ಮಾತು ಹುಟ್ಟಿದ್ದು ಇರುವ ಸೋಂಕಿನ ಚಿಕಿತ್ಸೆಗೆ. ಇಲ್ಲದ ಸೋಂಕಿಗೆ ಪೂರ್ತಿ ಮಾಡುವುದಾದರೂ ಏನನ್ನು?

ಹೆಚ್ಚು ದಿನ ಕೊಡುವುದು ಸರಿಯಿರುವ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ದವಡೆಯ ಮೂಳೆಯನ್ನೇ ಕತ್ತರಿಸಿ ತಟ್ಟೆ-ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯಲ್ಲಿ, ಒಂದು ದಿನಕ್ಕಿಂತ ಹೆಚ್ಚು ಕಾಲ ಔಷಧ ಪಡೆದವರಲ್ಲಿ ಸೋಂಕು ಕಡಿಮೆ ಇತ್ತು ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಕಂಡುಕೊಂಡಿತು. ಎರಡನೆಯ, ಮೂರನೆಯ ಬಾರಿ ಮಾಡುವ ಮೂಗು, ಪಕ್ಕೆಲುಬಿನ ಮೃದ್ವಸ್ಥಿ ತಂದು ಕಟ್ಟುವ ಮೂಗು, ಮೂಗಿನೊಳಗೆ ದಿನಗಟ್ಟಲೆ ಬಟ್ಟೆ ತುರುಕಿ ಇಡಬೇಕಾದ ಸಂದರ್ಭ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು, ಇವರ ವಿಷಯದಲ್ಲಿ ಸರ್ಜನ್ ಹೇಳುವ ಕಾರಣವನ್ನು ಗೌರವದಿಂದ ಕೇಳಿ. ಕಾರಣ ಹೇಳುವವರ ಮಾತ್ರೆಯನ್ನು ನಾನು ನುಂಗುತ್ತೇನೆ, ಎಲ್ಲರಿಗೂ ಕೊಡುತ್ತೇವೆ ಎನ್ನುವವರದನ್ನು ಇನ್ನೊಮ್ಮೆ ಕೇಳುತ್ತೇನೆ.

ಇಡೀ ಮುಖಕ್ಕೆ ಲೇಸರ್ ಅಥವಾ ಆಳದ ಕೆಮಿಕಲ್ ಪೀಲ್ ಮಾಡಿಸಿಕೊಳ್ಳುವವರಿಗೆ ಹೆಚ್ಚು ಮುಖ್ಯವಾದದ್ದು ಆ್ಯಂಟಿಬಯಾಟಿಕ್ ಅಲ್ಲವೇ ಅಲ್ಲ. ಬಾಯಂಚಿನಲ್ಲಿ ಜ್ವರಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಆಗ ಕೆರಳಿ ಮುಖವೆಲ್ಲ ಹರಡಬಹುದು. ಅದಕ್ಕೆ ಬೇಕಾದದ್ದು ಅಸೈಕ್ಲೊವಿರ್ ಅಥವಾ ವಾಲಸೈಕ್ಲೊವಿರ್. ನಿಮಗೆ ಒಮ್ಮೆಯಾದರೂ ಜ್ವರಗುಳ್ಳೆ ಎದ್ದಿದ್ದರೆ ಹೇಳಲು ಮರೆಯಬೇಡಿ.

ಮುಲಾಮುಗಳ ನಡುವೆ

ಸೋಫ್ರಾಮೈಸಿನ್ ಇಲ್ಲದ ಮನೆ ಉಂಟೇ? ನಿಯೋಸ್ಪೋರಿನ್ ಪುಡಿಯೂ ಹಾಗೆಯೇ. ಎರಡರಲ್ಲೂ ಇರುವುದು ನಿಯೋಮೈಸಿನ್ ವಂಶದ ಔಷಧ. ಚರ್ಮಕ್ಕೆ ಅಲರ್ಜಿ ತರುವುದರಲ್ಲಿ ಈ ವಂಶ ಹೆಸರುವಾಸಿ. ಹೊಲಿಗೆಯ ಸುತ್ತ ಕೆಂಪಾಗಿ, ತುರಿಸಿ, ನೀರೊಸರಿದಾಗ ಜನ ಸೋಂಕು ಎಂದುಕೊಂಡು ಅದನ್ನೇ ಇನ್ನಷ್ಟು ದಪ್ಪ ಬಳಿಯುತ್ತಾರೆ.

ಸಾದಾ ಬಿಳಿ ವ್ಯಾಸಲೀನ್ ಮತ್ತು ಬ್ಯಾಸಿಟ್ರಾಸಿನ್ ಮುಲಾಮುಗಳನ್ನು ಸಣ್ಣ ಚರ್ಮದ ಶಸ್ತ್ರಚಿಕಿತ್ಸೆಗಳಲ್ಲಿ ನೇರವಾಗಿ ಹೋಲಿಸಿದ ಪ್ರಯೋಗ 1996ರಲ್ಲಿ ಪ್ರಕಟವಾಯಿತು. ಒಂಬೈನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಸೋಂಕಿನಲ್ಲಿ ಎಣಿಕೆಗೆ ಸಿಗುವ ವ್ಯತ್ಯಾಸ ಇರಲಿಲ್ಲ, ಗಾಯ ಮಾಯುವುದರಲ್ಲೂ ಇರಲಿಲ್ಲ. ಚರ್ಮದ ಅಲರ್ಜಿ ಬಂದದ್ದು ಮಾತ್ರ ಆ್ಯಂಟಿಬಯಾಟಿಕ್ ಹಚ್ಚಿದವರಿಗೆ. ಹಾಗಾಗಿ ಶುದ್ಧ ಹೊಲಿಗೆಯ ಮೇಲೆ ನನ್ನ ಆಯ್ಕೆ ವ್ಯಾಸಲೀನ್. ಹೊಸ ಡಬ್ಬಿ ತೆರೆಯಿರಿ, ಬೆರಳು ಅದ್ದಬೇಡಿ, ಶುದ್ಧವಾದ ಹತ್ತಿಕಡ್ಡಿಯಲ್ಲಿ ತೆಗೆದು ತೆಳುವಾಗಿ ಸವರಿ. ಗಾಯ ಒಣಗಿ ಹಕ್ಕಳೆಗಟ್ಟಬೇಕು ಎಂಬುದು ಹಳೆಯ ನಂಬಿಕೆ, ಒದ್ದೆಯಾಗಿರುವ ಗಾಯವೇ ಚೆನ್ನಾಗಿ ಮಾಯುತ್ತದೆ. ಅರಿಶಿನದ ಮೇಲೆ ನನಗೆ ಎಷ್ಟೇ ಭಕ್ತಿಯಿದ್ದರೂ ಹೊಲಿಗೆಯ ಮೇಲೆ ಅದು ಬೇಡ. ಅಡುಗೆಮನೆಯ ಡಬ್ಬಿಯಲ್ಲಿರುವುದು ಶುದ್ಧಗೊಳಿಸಿದ ಪುಡಿಯಲ್ಲ.

ಮುಪಿರೋಸಿನ್ ವಿಷಯ ಸ್ವಲ್ಪ ಬೇರೆ. ಹತ್ತು ಜನರಲ್ಲಿ ಇಬ್ಬರು ಮೂವರ ಮೂಗಿನ ಹೊಳ್ಳೆಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ತಣ್ಣಗೆ ನೆಲೆಸಿರುತ್ತದೆ. ಹಿಂದೆ ಗಾಯ ಕೀವುಗಟ್ಟಿದವರು, ಪದೇಪದೇ ಕುರು ಏಳುವವರು, ಇಂಪ್ಲಾಂಟ್ ಇಡಿಸಿಕೊಳ್ಳುವವರು ಇದ್ದರೆ ಹೊಳ್ಳೆಯ ಸ್ವಾಬ್ ಪರೀಕ್ಷೆ ಮಾಡಿಸಿ, ಆ ರೋಗಾಣು ಕಂಡುಬಂದರೆ ಶಸ್ತ್ರಚಿಕಿತ್ಸೆಗೆ ಮುಂಚೆ ಐದು ದಿನ ದಿನಕ್ಕೆರಡು ಬಾರಿ ಮೂಗಿನೊಳಗೆ ಹಚ್ಚಿಸುವುದು ಅರ್ಥವಿರುವ ಕೆಲಸ. ಎಲ್ಲರ ಹೊಲಿಗೆಯ ಮೇಲೂ ವಾರಗಟ್ಟಲೆ ಬಳಿಯುವುದರಲ್ಲಿ ಅರ್ಥವಿಲ್ಲ. ಸ್ಟಿರಾಯ್ಡ್ ಬೆರೆಸಿದ ಮುಲಾಮುಗಳನ್ನಂತೂ, ಅಂಗಡಿಯವರು ಎಷ್ಟೇ ಹೊಗಳಲಿ, ಹೊಸ ಗಾಯದ ಹತ್ತಿರ ತರಬೇಡಿ.

ಔಷಧಕ್ಕಿಂತ ಹೆಚ್ಚು ಕೆಲಸ ಮಾಡುವಂಥವು

ತಂಬಾಕು ಬಿಡುವುದು. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಹಿಂಡುತ್ತದೆ. ಫೇಸ್‌ಲಿಫ್ಟ್‌ನಲ್ಲಿ ಬಿಡಿಸಿದ ಚರ್ಮದ ಅಂಚು ಕಪ್ಪಾಗಿ ಸತ್ತರೆ ಅಲ್ಲಿಗೆ ರೋಗಾಣು ತಾನಾಗಿ ಬರುತ್ತದೆ, ಯಾವ ಆ್ಯಂಟಿಬಯಾಟಿಕ್ ಕೂಡ ಸತ್ತ ಚರ್ಮದೊಳಕ್ಕೆ ಹೋಗಲಾರದು. ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಬೇಕು. ಸಿಗರೇಟು ಸೇದುತ್ತೀರಾ ಎಂದಷ್ಟೇ ಕೇಳಿದರೆ ಈ ಊರಿನಲ್ಲಿ ಉತ್ತರ ತಪ್ಪಾಗುತ್ತದೆ. ಹಲ್ಲುಜ್ಜಲು ಮಿಶ್ರಿ ಬಳಸುವ ಹೆಂಗಸರು ಇಲ್ಲಿ ಎಷ್ಟೋ ಮಂದಿ. ಅದು ಹುರಿದ ತಂಬಾಕು ಎಂಬುದು ಅವರಿಗೇ ಹೊಳೆದಿರುವುದಿಲ್ಲ, ನಾಚಿಕೆಯಿಂದ ಹೇಳುವುದೂ ಇಲ್ಲ. ಹೇಳಿಬಿಡಿ. ರಕ್ತದ ಸಕ್ಕರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ 200ಕ್ಕಿಂತ ಕೆಳಗಿರಬೇಕು. ಹಿಂದಿನ ರಾತ್ರಿ ಸೋಪು ಹಚ್ಚಿ ಸ್ನಾನ ಮಾಡಿ. ಮನೆಯಲ್ಲಿ ಕೂದಲು ಬೋಳಿಸಿಕೊಳ್ಳಬೇಡಿ, ಬ್ಲೇಡಿನ ಗೀರುಗಳೇ ರೋಗಾಣುವಿಗೆ ಬಾಗಿಲು. ಮಾಯುವವರೆಗೆ ಹೊಲಿಗೆಗೆ ಟ್ಯಾಂಕಿನ ನೀರು ತಾಗಿಸುವುದು ಬೇಡ, ಕುದಿಸಿ ಆರಿಸಿದ್ದು ಅಥವಾ ಸಲೈನ್ ಸಾಕು.

ನೀರಿನ ಮಾತು ಸುಮ್ಮನೆ ಹೇಳಿದ್ದಲ್ಲ. ನೀರಿನಲ್ಲಿ, ಸರಿಯಾಗಿ ಶುದ್ಧ ಮಾಡದ ಸಲಕರಣೆಯಲ್ಲಿ ಬದುಕುವ ಕ್ಷಯದ ಬಂಧು ಬ್ಯಾಕ್ಟೀರಿಯಾಗಳಿವೆ. ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಅಂಥದ್ದೊಂದು. ಅಂದದ ಶಸ್ತ್ರಚಿಕಿತ್ಸೆಗೆಂದು ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗಿಬಂದ ಅಮೆರಿಕದವರಲ್ಲಿ ಇದು ಗುಂಪುಗುಂಪಾಗಿ ಕಾಣಿಸಿಕೊಂಡದ್ದು ದಾಖಲೆಯಲ್ಲಿದೆ. ವಾರಗಳು, ತಿಂಗಳುಗಳು ಕಳೆದ ಮೇಲೆ ಮಾಯ್ದ ಗಾಯದ ಬದಿಯಲ್ಲಿ ನೇರಳೆ ಬಣ್ಣದ ಗಂಟು ಏಳುತ್ತದೆ. ವಾರದ ಮಾತ್ರೆ ಇದನ್ನು ತಡೆಯುವುದಿಲ್ಲ, ತಡೆಯುವುದು ಶುದ್ಧ ಥಿಯೇಟರು. ಅಂಥ ಗಂಟು ಕಂಡರೆ ಯಾವ ಮಾತ್ರೆಯನ್ನೂ ನುಂಗುವ ಮೊದಲು ತುಣುಕು ತೆಗೆದು, ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಕಳಿಸಲು ಹೇಳಿ.

ಸಹನಾ ಚೀಟಿ ಹಿಡಿದುಕೊಂಡು ಸರ್ಜನ್ ಹತ್ತಿರ ಹೋದಳು. ಮೂರು ಪ್ರಶ್ನೆ ಬರೆದುಕೊಟ್ಟಿದ್ದೆ: ಕೊಯ್ಯುವ ಮುನ್ನ ಇಂಜೆಕ್ಷನ್ ಕೊಡುತ್ತೀರಾ, ಯಾವುದು? ಮೂಗಿನೊಳಗೆ ಬಟ್ಟೆ ಇಡುತ್ತೀರಾ, ಎಷ್ಟು ದಿನ? ಮಾತ್ರೆ ನನಗೆಂದು ಬರೆದದ್ದೇ, ಎಲ್ಲರಿಗೂ ಬರೆಯುವುದೇ? ಅವರು ಸಿಟ್ಟಾಗಲಿಲ್ಲ. ಮೊದಲ ಬಾರಿಯ ಮೂಗು, ಬಟ್ಟೆ ಇಡುವುದಿಲ್ಲ, ಸೆಫಾಜೋಲಿನ್ ಒಂದು ಡೋಸ್ ಸಾಕು ಎಂದು ಹೇಳಿ ಸೆಫಿಕ್ಸಿಮ್‌ಗೆ ಅಡ್ಡಗೆರೆ ಎಳೆದರು. ತೆರೆಯದ ಸ್ಟ್ರಿಪ್ಪುಗಳನ್ನು ಅಂಗಡಿಯವರು ಬಿಲ್ ನೋಡಿ ಹಿಂದೆ ತೆಗೆದುಕೊಂಡರು.

ಶಸ್ತ್ರಚಿಕಿತ್ಸೆಯ ಮೂರನೆಯ ರಾತ್ರಿ ಹನ್ನೊಂದು ಗಂಟೆಗೆ ಅವಳ ಫೋನು ಬಂತು. “ಕಾಕು, ಕಣ್ಣು ತೆರೆಯಲು ಆಗುತ್ತಿಲ್ಲ, ಮುಖವೆಲ್ಲ ಊದಿದೆ. ಮಾತ್ರೆ ತೆಗೆದುಕೊಳ್ಳಬೇಕಿತ್ತೇನೋ.”

“ಎರಡೂ ಕಡೆ ಸಮವಾಗಿ ಊದಿದೆಯೇ, ಒಂದೇ ಕಡೆಯೇ?”

“ಎರಡೂ ಕಡೆ. ಕಣ್ಣ ಕೆಳಗೆ ನೀಲಿ.”

“ನೋವು ನಿನ್ನೆಗಿಂತ ಹೆಚ್ಚಾಗಿದೆಯೇ?”

“ಇಲ್ಲ, ಕಡಿಮೆಯೇ.”

“ಜ್ವರ? ಚಳಿ? ವಾಂತಿ? ಮೈಮೇಲೆ ಕೆಂಪು ಗಂದೆ? ಮೂಗಿನಿಂದ ವಾಸನೆಯ ಕೀವು?”

“ಯಾವುದೂ ಇಲ್ಲ.”

“ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ನೋಡು. ದೀಪ ಸ್ಪಷ್ಟವಾಗಿ ಕಾಣುತ್ತದೆಯೇ?”

“ಕಾಣುತ್ತದೆ.”

ಊತ ಏರಿ ನಿಲ್ಲುವುದು ಎರಡು ಮೂರನೆಯ ದಿನವೇ. ಸೋಂಕು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ನಾಲ್ಕೈದನೆಯ ದಿನದ ನಂತರ, ಇಳಿಯುತ್ತಿದ್ದ ನೋವು ಮತ್ತೆ ಏರುವಾಗ. ಒಂದೇ ಕಡೆ ದಿಢೀರನೆ ಬಿಗಿದು ಊದಿದರೆ ಒಳಗೆ ರಕ್ತ ತುಂಬಿದೆ ಎಂದರ್ಥ, ದೃಷ್ಟಿ ಮಸುಕಾದರೆ ಕಣ್ಣಿಗೇ ಅಪಾಯ. ಅವೆರಡಕ್ಕೂ ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು. ಇವಳದು ಯಾವುದೂ ಆಗಿರಲಿಲ್ಲ. ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರಿಸಿ ಮಲಗು, ಬೆಳಿಗ್ಗೆ ಬೆಳಕಿನಲ್ಲಿ ಫೋಟೊ ತೆಗೆದು ನಿನ್ನ ಸರ್ಜನ್‌ಗೂ ನನಗೂ ಕಳಿಸು ಎಂದೆ.

ಬೆಳಿಗ್ಗೆ ಏಳೂವರೆಗೆ ಫೋಟೊ ಬಂತು. ಎಡಗಣ್ಣು ಅರ್ಧ ತೆರೆದಿತ್ತು.